ಪಿಕಪ್‌ನ ಕಾರ್ಪೆಟ್ ಬೆಡ್ ಲೈನರ್: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಪಿಕಪ್‌ನ ಬೆಡ್‌ಗೆ, ಅಂದರೆ ಹಿಂದೆ ಸಾಮಾನು ಹೇರುವ ಭಾಗಕ್ಕೆ, ಕಾರ್ಪೆಟ್ ಲೈನರ್ (ಒಳಹಾಸು) ಹಾಕಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅಂಚು ಏಳುತ್ತದೆ, ಟೇಪ್ ಕಿತ್ತು ಬರುತ್ತದೆ, ಟೈಲ್‌ಗೇಟ್ (ಬೆಡ್‌ನ ಹಿಂಬಾಗಿಲು) ಕೂರುವುದಿಲ್ಲ, ಅಡಿಯಲ್ಲಿ ನೀರು ನಿಂತು ವಾಸನೆ ಹೊಡೆಯುತ್ತದೆ. ಆಗ ಎಲ್ಲರ ಸಿಟ್ಟೂ ಲೈನರ್ ಮೇಲೆ. ತಪ್ಪು ಮಾತ್ರ ಬಹಳ ಸಲ ಅದರ ಅಡಿಯಲ್ಲಿರುತ್ತದೆ: ಸರಿಯಾಗಿ ಒರೆಸದ ಲೋಹ, ಕಸ ಕಟ್ಟಿದ ನೀರಿನ ತೂತು, ಮರಳಿ ಬಿಗಿ ಮಾಡದ ಬೋಲ್ಟ್. ಹಾಗಾಗಿ ಇಲ್ಲಿನ ಬಹುತೇಕ ತಪಾಸಣೆಗಳು ಹಾಸನ್ನು ಎತ್ತಿ ನೋಡುವುದರಿಂದಲೇ ಶುರುವಾಗುತ್ತವೆ. ಎತ್ತಲು ಬಾರದಂತೆ ಪೂರ್ತಿ ಅಂಟು ಬಳಿದು ಕೂರಿಸಿದ ಹಾಸು, ಎಷ್ಟೇ ಅಚ್ಚುಕಟ್ಟಾಗಿ ಕಂಡರೂ, ಸರಿಯಾದ ಕೆಲಸ ಅಂತ ನಾನು ಒಪ್ಪುವುದಿಲ್ಲ.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆಯ ಹಾಸು ಅನ್ನುವುದನ್ನು ಮೊದಲು ಗುರುತಿಸಿಕೊಳ್ಳಿ. ಒಂದು, ಕಿಟ್ ಆಗಿ ಬರುವ ಅಚ್ಚು ಹೊಯ್ದ ಲೈನರ್. ಮೇಲೆ ಪಾಲಿಪ್ರೊಪಿಲೀನ್ ನೂಲು, ಅಡಿಗೆ ನೀರು ಹೀರದ ಫೋಮ್. ತಳ, ಕ್ಯಾಬಿನ್ ಕಡೆಯ ಗೋಡೆ, ಎರಡು ಪಕ್ಕ, ಟೈಲ್‌ಗೇಟ್ ಎಂದು ತುಂಡುಗಳಾಗಿ ಬಂದು ವೆಲ್ಕ್ರೋ ಪಟ್ಟಿಗಳ ಮೇಲೆ ಕೂರುತ್ತದೆ. ಇನ್ನೊಂದು, ಪ್ಲೈವುಡ್ ಹಲಗೆ ಮೇಲೆ ಕಾರ್ಪೆಟ್ ಸುತ್ತಿ ನಾವೇ ಮಾಡಿಕೊಂಡದ್ದು. ಬೆಡ್ ಮೇಲೆ ಕ್ಯಾನಪಿ (ಕಿಟಕಿಗಳಿರುವ ಗಟ್ಟಿ ಮಾಡು) ಹಾಕಿ ಒಳಗೆ ಮಲಗುವವರು ಹೆಚ್ಚಾಗಿ ಮಾಡಿಕೊಳ್ಳುವುದು ಇದನ್ನೇ. ನೀರಿನ ವಿಷಯ ಬಂದಾಗ ಎರಡೂ ತೀರಾ ಬೇರೆಬೇರೆಯಾಗಿ ವರ್ತಿಸುತ್ತವೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಟಾರ್ಚ್, ಹಳೇ ಬಟ್ಟೆ, ಸೀಮೆಸುಣ್ಣ, ಒಂದು ಬಕೆಟ್ ನೀರು, ಐಸೊಪ್ರೊಪೈಲ್ ಆಲ್ಕೊಹಾಲ್, ಬೋಲ್ಟ್‌ಗೆ ಹೊಂದುವ ಸ್ಪ್ಯಾನರ್, ಗ್ಲೌಸ್. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಗಾಡಿಯ ಅಡಿಗೆ ತೂರಿ ನೋಡಬೇಕಾದಲ್ಲಿ ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ತಣ್ಣಗಾಗಿರಬೇಕು. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಲೇಬೇಡಿ.

ಅಂಚು ಸುರುಳಿಯಾಗಿ ಏಳುತ್ತಿದೆ, ನಡುವೆ ಉಬ್ಬಿದೆ

ಹೊಸದಾಗಿ ಹಾಕಿದ್ದರೆ ಇದು ದೋಷವೇ ಅಲ್ಲದಿರಬಹುದು. ಲೈನರ್ ಮಡಿಚಿದ ಅಥವಾ ಸುರುಳಿ ಸುತ್ತಿದ ಸ್ಥಿತಿಯಲ್ಲಿ ಬಾಕ್ಸ್‌ನಲ್ಲಿ ಕೂತು ಬಂದಿರುತ್ತದೆ, ಫೋಮ್ ಆ ಆಕಾರವನ್ನು ಹಿಡಿದಿಟ್ಟುಕೊಂಡಿರುತ್ತದೆ. ತುಂಡನ್ನು ಹೊರತೆಗೆದು ಬಿಸಿಲಿನಲ್ಲಿ ಚಪ್ಪಟೆಯಾಗಿ ಹರಡಿ, ಒಂದೆರಡು ಗಂಟೆ ಬಿಟ್ಟು, ಬೆಚ್ಚಗಿರುವಾಗಲೇ ಮರಳಿ ಕೂರಿಸಿ. ಬಿಸಿಲಿಲ್ಲದ ದಿನ ಬೆಚ್ಚಗಿನ ಕೋಣೆಯಲ್ಲಿ ರಾತ್ರಿಯಿಡೀ ಹರಡಿಟ್ಟರೂ ಆದೀತು.

ಹೀಟ್ ಗನ್ ಮಾತ್ರ ಹಿಡಿಯಬೇಡಿ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ, ಹೀಟ್ ಗನ್‌ನ ಗಾಳಿ ಅದಕ್ಕಿಂತ ಎಷ್ಟೋ ಬಿಸಿ. ನೂಲು ಕರಗಿ ಗಟ್ಟಿಯಾದ ಕಲೆ ಮತ್ತೆ ಸರಿಹೋಗುವುದಿಲ್ಲ.

ಬೆಚ್ಚಗೆ ಮಾಡಿದರೂ ಉಬ್ಬು ಅದೇ ಜಾಗದಲ್ಲಿ ಉಳಿದರೆ ಹಾಸನ್ನು ಎತ್ತಿ ನೋಡಿ. ಅಡಿಯಲ್ಲಿ ಕಲ್ಲು, ಮರದ ಚಕ್ಕೆ, ಮಡಿಚಿ ಸಿಕ್ಕಿಕೊಂಡ ವೆಲ್ಕ್ರೋ ತುಂಡು ಸಿಗುವುದು ಸಾಮಾನ್ಯ. ಏನೂ ಇಲ್ಲದಿದ್ದರೆ ಜೋಡಣೆಯ ಕ್ರಮ ಗಮನಿಸಿ. ಯಾವ ತುಂಡು ಮೊದಲು, ಯಾವುದರ ಅಂಚು ಯಾವುದರ ಮೇಲೆ ಬರಬೇಕು ಎಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ. ಪಕ್ಕದ ತುಂಡುಗಳು ಬೆರಳಗಲ ಕೆಳಗೆ ಕೂತಿದ್ದರೂ ತಳದ ತುಂಡಿಗೆ ಜಾಗ ಸಾಲದೆ ನಡುವೆ ಬಿಲ್ಲಿನ ಹಾಗೆ ಏಳುತ್ತದೆ. ಆಗ ತಳದ ಹಾಸನ್ನು ಕತ್ತರಿಸಲು ಹೋಗಬೇಡಿ, ಪಕ್ಕದವನ್ನು ಬಿಚ್ಚಿ ಮೇಲಕ್ಕೆ ಸರಿಸಿ. ನಾಲ್ಕೂ ಕಡೆ ಒಂದೇ ಸಮನೆ ಜಾಗ ಸಾಲದಿದ್ದರೆ ಕಿಟ್ ನಿಮ್ಮ ಬೆಡ್‌ನದ್ದಲ್ಲ. ಬರಿಯ ಬೆಡ್‌ಗೆ ಮಾಡಿದ ಅಚ್ಚು ಬೇರೆ, ಮೊದಲೇ ಪ್ಲಾಸ್ಟಿಕ್ ತೊಟ್ಟಿ ಲೈನರ್ ಇರುವ ಬೆಡ್‌ಗೆ ಮಾಡಿದ್ದು ಬೇರೆ. ಬಾಕ್ಸ್ ಮೇಲಿನ ನಂಬರನ್ನು ಗಾಡಿಯ ಮಾದರಿ, ವರ್ಷ, ಬೆಡ್‌ನ ಉದ್ದದ ಜೊತೆ ತಾಳೆ ನೋಡಿ. ಕತ್ತರಿ ಹಾಕಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ನಿಜವಾಗಿಯೂ ಕತ್ತರಿಸಬೇಕಾಗಿ ಬಂದರೆ ತುಂಡನ್ನು ಗಾಡಿಯಿಂದ ಇಳಿಸಿ, ಹಲಗೆಯ ಮೇಲಿಟ್ಟು, ಫೋಮ್ ಇರುವ ಹಿಂಬದಿಯಿಂದ ಕತ್ತರಿಸಿ. ಬೆಡ್‌ನೊಳಗೇ ಬ್ಲೇಡ್ ಎಳೆದರೆ ಪೇಂಟ್ ಮೇಲೆ ಕಣ್ಣಿಗೆ ಕಾಣದ ಗೆರೆ ಬೀಳುತ್ತದೆ. ಮುಂದೆ ತುಕ್ಕು ಹಿಡಿಯುವುದು ಆ ಗೆರೆಯ ಉದ್ದಕ್ಕೇ.

ಟೇಪ್ ಅಥವಾ ವೆಲ್ಕ್ರೋ ಕಿತ್ತು ಬರುತ್ತಿದೆ

ಅತಿ ಹೆಚ್ಚು ಕಾಣುವ ದೋಷ ಇದು. ಅವಸರದಲ್ಲಿ ಇನ್ನಷ್ಟು ಅಂಟು ಸುರಿಯುವುದಕ್ಕೆ ಮುಂಚೆ ಕಿತ್ತು ಬಂದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ. ಅಂಟು ಯಾವ ಕಡೆ ಉಳಿದಿದೆ ಅನ್ನುವುದರಲ್ಲೇ ಕಾರಣ ಇದೆ.

ಅಂಟು ಪೂರ್ತಿಯಾಗಿ ಪಟ್ಟಿಗೇ ಉಳಿದು, ಲೋಹ ನುಣ್ಣಗೆ ಸ್ವಚ್ಛವಾಗಿದ್ದರೆ ಅಂಟು ಲೋಹವನ್ನು ಹಿಡಿದೇ ಇರಲಿಲ್ಲ. ವ್ಯಾಕ್ಸ್, ಸಿಲಿಕೋನ್ ಪಾಲಿಶ್, ಎಣ್ಣೆಯ ಪಸೆ ಇದ್ದಿರಬೇಕು, ಇಲ್ಲವೆ ಅಂಟಿಸುವಾಗ ಲೋಹ ತಣ್ಣಗಿತ್ತು. ಅಂಟಿನ ಮೇಲೆ ಬೂದು ಬಣ್ಣದ ಪುಡಿ ಮೆತ್ತಿಕೊಂಡಿದ್ದರೆ ಅದು ಧೂಳು: ಒರೆಸಿದ್ದು ಸಾಲಲಿಲ್ಲ. ಪೇಂಟ್‌ನ ಚಕ್ಕೆಯೇ ಅಂಟಿನ ಜೊತೆ ಎದ್ದು ಬಂದಿದ್ದರೆ ಟೇಪ್ ತನ್ನ ಕೆಲಸ ಸರಿಯಾಗಿ ಮಾಡಿದೆ, ಪೇಂಟ್ ಅಡಿಯಲ್ಲಿ ತುಕ್ಕು ಶುರುವಾಗಿದೆ. ಹಾಗಿದ್ದರೆ ನೇರವಾಗಿ ಕೆಳಗಿನ ತುಕ್ಕಿನ ಭಾಗ ಓದಿ. ಪಟ್ಟಿ ಬೆಡ್‌ಗೆ ಗಟ್ಟಿಯಾಗಿ ಅಂಟಿಯೇ ಇದ್ದು ಕಾರ್ಪೆಟ್ ಮಾತ್ರ ಬಿಡುತ್ತಿದ್ದರೆ ಕೊಕ್ಕೆಗಳಲ್ಲಿ ಮಣ್ಣು, ಒಣಹುಲ್ಲು, ನಾಯಿಯ ಕೂದಲು ತುಂಬಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಬಾಚಿ ತೆಗೆದರೆ ಖರ್ಚಿಲ್ಲದೆ ಮುಗಿಯಿತು.

ಅಂಟಿಸುವ ಕೆಲಸದಲ್ಲಿ ತಯಾರಿಯೇ ಮುಕ್ಕಾಲು ಪಾಲು. ಸೋಪು ನೀರಿನಿಂದ ತೊಳೆದು ಒಣಗಿಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರನ್ನು ಸಮಪಾಲು ಬೆರೆಸಿ ಬಟ್ಟೆಯಲ್ಲಿ ಒರೆಸಿ, ಅದು ತಾನಾಗಿ ಆರುವ ಮುನ್ನವೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಬಿಡಿ. ಆರಲು ಬಿಟ್ಟರೆ ಕರಗಿದ ಪಸೆ ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆಯಲ್ಲಿ ಕಲೆ ಕಾಣದ ತನಕ ಮಾಡುತ್ತಿರಿ. ಆಲ್ಕೊಹಾಲ್ ಬೆಂಕಿ ಹತ್ತುವ ವಸ್ತು, ಬಾಗಿಲು ತೆರೆದ ಜಾಗದಲ್ಲಿ ಮಾಡಿ, ಬೀಡಿ ಸಿಗರೇಟು ಹತ್ತಿರ ಬೇಡ.

ಕಾರ್ ಕೆಲಸಕ್ಕೆ ಬಳಸುವ ಅಕ್ರಿಲಿಕ್ ಫೋಮ್ ಟೇಪ್‌ಗಳು 21ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಹಿಡಿಯುತ್ತವೆ. 10 ಡಿಗ್ರಿಗಿಂತ ಕೆಳಗೆ ಅಂಟು ಗಡುಸಾಗಿ ಲೋಹದ ಮೇಲೆ ಹರಡಿಕೊಳ್ಳುವುದೇ ಇಲ್ಲ. ಅಂಟಿಸಿದ ಕೂಡಲೇ ಪೂರ್ತಿ ಬಲ ಬರುವುದೂ ಇಲ್ಲ. ಕೋಣೆಯ ಬಿಸಿಯಲ್ಲಿ ಮೊದಲ 20 ನಿಮಿಷದಲ್ಲಿ ಸುಮಾರು ಅರ್ಧದಷ್ಟು, ಒಂದು ದಿನಕ್ಕೆ ಸುಮಾರು ಶೇ. 90ರಷ್ಟು, ಪೂರ್ತಿ ಬಲಕ್ಕೆ 72 ಗಂಟೆ. ಪಟ್ಟಿ ಅಂಟಿಸಿ ಹತ್ತು ನಿಮಿಷಕ್ಕೆ ಕಾರ್ಪೆಟ್ ಒತ್ತಿ, ಸರಿಹೊಂದಲಿಲ್ಲವೆಂದು ಎಳೆದು, ಮತ್ತೆ ಒತ್ತಿದರೆ ಪಟ್ಟಿ ಎದ್ದು ಬರದೆ ಇನ್ನೇನಾಗುತ್ತದೆ! ಮೊದಲು ಕಾರ್ಪೆಟನ್ನು ಅಂಟಿಲ್ಲದೆ ಕೂರಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪಟ್ಟಿಗಳನ್ನು ಅಂಟಿಸಿ ಹೆಬ್ಬೆರಳಿನಿಂದ ಉದ್ದಕ್ಕೂ ಬಲವಾಗಿ ಒತ್ತಿ, ಒಂದು ದಿನ ಬಿಟ್ಟು ಕಾರ್ಪೆಟ್ ಹಾಕಿ. ಆಮೇಲೂ ಕಾರ್ಪೆಟ್ ತೆಗೆಯುವಾಗ ಒಂದು ಕೈ ಪಟ್ಟಿಯ ಮೇಲೆ ಒತ್ತಿ ಹಿಡಿದಿರಲಿ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ನಿಲ್ಲುತ್ತಿಲ್ಲವೆಂದರೆ ಮೇಲ್ಮೈಯೇ ಅಂಟಿಗೆ ಒಲ್ಲದ್ದಿರಬೇಕು. ಸ್ಪ್ರೇ ಲೈನರ್ (ಪೇಂಟ್‌ನಂತೆ ಸಿಂಪಡಿಸುವ ದಪ್ಪ ಲೇಪನ) ಹೊಡೆಸಿದ ಬೆಡ್ ಹರಳುಹರಳಾಗಿರುವುದರಿಂದ ತೆಳ್ಳನೆಯ ಟೇಪ್ ಬರೀ ಉಬ್ಬಿನ ತುದಿಗಳನ್ನಷ್ಟೇ ಮುಟ್ಟುತ್ತದೆ. ಪ್ಲಾಸ್ಟಿಕ್ ತೊಟ್ಟಿ ಲೈನರ್‌ಗಳು ಪಾಲಿಎಥಿಲೀನ್ ಜಾತಿಯವು, ಇವಕ್ಕೆ ಯಾವ ಅಂಟೂ ಸುಲಭಕ್ಕೆ ಹಿಡಿಯದು. ದಪ್ಪ ಫೋಮ್ ಟೇಪ್ ಜೊತೆಗೆ ಆ ಟೇಪ್ ತಯಾರಕರೇ ಹೇಳಿದ ಪ್ರೈಮರ್ (ಅಂಟು ಹಿಡಿಯಲೆಂದು ಮೊದಲು ಬಳಿಯುವ ದ್ರವ) ಬಳಸಬೇಕು. ಕೆಲವು ಗಾಡಿಗಳ ಬೆಡ್ ಲೋಹದ್ದೇ ಅಲ್ಲ. ಟೊಯೋಟಾ ಟಕೋಮಾ 2005ರ ಮಾದರಿಯಿಂದ ಕಾಂಪೊಸಿಟ್ (ನಾರು ಬೆರೆಸಿದ ಪ್ಲಾಸ್ಟಿಕ್) ಬೆಡ್‌ನಲ್ಲೇ ಬಂದದ್ದು. ಅಂಥ ಕಡೆ ಒಂದು ಚಿಕ್ಕ ತುಂಡು ಟೇಪ್ ಮೂಲೆಯಲ್ಲಿ ಅಂಟಿಸಿ, ಮೂರು ದಿನ ಬಿಟ್ಟು ಎಳೆದು ನೋಡಿ ಮುಂದುವರಿಯಿರಿ.

ಹಳೇ ಪಟ್ಟಿ ತೆಗೆಯಲು ಸ್ಕ್ರೂಡ್ರೈವರ್ ಬೇಡ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಗಾಳದ ನೈಲಾನ್ ದಾರವನ್ನು ಅಡಿಗೆ ತೂರಿಸಿ ಗರಗಸ ಎಳೆದ ಹಾಗೆ ಎಳೆದರೆ ಪೇಂಟ್‌ಗೆ ಪೆಟ್ಟಾಗದೆ ಬರುತ್ತದೆ.

ಟೈಲ್‌ಗೇಟ್ ಕೂರುತ್ತಿಲ್ಲ, ಇಲ್ಲವೇ ಜೋರಾಗಿ ದೂಡಿದರಷ್ಟೇ ಮುಚ್ಚುತ್ತದೆ

ಕೆಲವು ಕಿಟ್‌ಗಳ ಫೋಮ್ ಹೆಚ್ಚುಕಡಿಮೆ 2 ಸೆಂ.ಮೀ. ದಪ್ಪ. ಅಷ್ಟು ದಪ್ಪ ತಪ್ಪು ಜಾಗದಲ್ಲಿ ಬಂದರೆ ಗೇಟ್ ಮುಚ್ಚುವುದು ಸಾಧ್ಯವೇ ಇಲ್ಲ. ಟೈಲ್‌ಗೇಟ್‌ನ ಕಾರ್ಪೆಟನ್ನು ತೆಗೆದು ಮುಚ್ಚಿ ನೋಡಿ. ಸಲೀಸಾಗಿ ಮುಚ್ಚಿದರೆ ತಕರಾರು ಆ ತುಂಡಿನದು. ಇನ್ನೂ ಬಿಗಿಯಿದ್ದರೆ ತಳದ ಹಾಸು ಹಿಂದಕ್ಕೆ ಸರಿದಿದೆ, ಅದನ್ನು ಕ್ಯಾಬಿನ್ ಕಡೆಗೆ ಒತ್ತಿ ಕೂರಿಸಿ.

ಎಲ್ಲಿ ತಾಗುತ್ತಿದೆ ಅನ್ನುವುದು ಕಣ್ಣಿಗೆ ಕಾಣದಿದ್ದರೆ ಬೆಡ್‌ನ ಹಿಂದಿನ ಕಂಬಗಳಿಗೂ ತಳದ ಹಾಸಿನ ಅಂಚಿಗೂ ಸೀಮೆಸುಣ್ಣ ದಪ್ಪಗೆ ಬಳಿದು, ಗೇಟನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಬಿಳಿ ಗುರುತು ಬಿದ್ದ ಕಡೆ ಒತ್ತುತ್ತಿದೆ. ಆ ಜಾಗವನ್ನಷ್ಟೇ ಹುಲ್ಲೆಳೆಯಷ್ಟು ಕತ್ತರಿಸುತ್ತ ಮತ್ತೆ ಮತ್ತೆ ನೋಡಿ.

ಎಲ್ಲ ಕಾರ್ಪೆಟ್ ತೆಗೆದ ಮೇಲೂ ಗೇಟ್ ಒಂದು ಬದಿ ಮಾತ್ರ ಕೂತರೆ ಅದು ಲಾಚ್‌ನ, ಹಿಂಜ್‌ನ ಇಲ್ಲವೇ ಒಳಗಿನ ರಾಡ್‌ನ ತೊಂದರೆ. ಹಿಡಿಯ ಒಳಭಾಗ ತಲುಪುವ ಮುಚ್ಚಳದ ಬೋಲ್ಟ್‌ಗಳನ್ನು ಕೆಲವು ಕಿಟ್‌ಗಳಲ್ಲಿ ಬಿಚ್ಚಿ ಹಾಕಬೇಕಾಗುತ್ತದೆ, ಆಗ ರಾಡ್‌ನ ಕ್ಲಿಪ್ ಜಾರಿರಬಹುದು. ಮುಚ್ಚಳ ತೆಗೆದು ಟಾರ್ಚ್ ಹಿಡಿದರೆ ಕಾಣುತ್ತದೆ. ಎರಡೂ ಲಾಚ್ ಕಚ್ಚದ ಗೇಟ್ ಹಾಕಿಕೊಂಡು ರಸ್ತೆಗೆ ಇಳಿಯಬೇಡಿ. ಓಡುವ ಗಾಡಿಯಲ್ಲಿ ಅದು ಬಿದ್ದು ತೆರೆದರೆ ಹಿಂದೆ ಬರುವವರ ಮೇಲೆ ಸಾಮಾನು ಹೋಗುತ್ತದೆ.

ಕಾರ್ಪೆಟ್ ಒದ್ದೆಯಾಗಿಯೇ ಇರುತ್ತದೆ

ಮೊದಲು ಕೇಳಿಕೊಳ್ಳಬೇಕಾದದ್ದು: ಮೇಲೆ ಕವರ್ ಅಥವಾ ಕ್ಯಾನಪಿ ಇದೆಯೇ? ಇಲ್ಲದಿದ್ದರೆ ನೀರು ಬರುವುದು ಸಹಜ, ಹೋಗದಿರುವುದಷ್ಟೇ ದೋಷ. ಇದ್ದರೆ ಬರುವ ದಾರಿಯನ್ನೂ ಹುಡುಕಬೇಕು.

ಹೋಗುವ ದಾರಿಯಿಂದ ಶುರು ಮಾಡಿ. ತಳದ ಹಾಸನ್ನು ಪೂರ್ತಿ ಎತ್ತಿ, ಮುಂದಿನ ಎರಡು ಮೂಲೆಗಳನ್ನು ನೋಡಿ. ಖಾಲಿ ಪಿಕಪ್ ಹಿಂಬದಿ ತುಸು ಎತ್ತರವಾಗಿ ನಿಲ್ಲುವಂತೆ ಮಾಡಿರುತ್ತಾರೆ, ಭಾರ ಹೇರಿದಾಗ ಸಮವಾಗಲಿ ಎಂದು. ಆದ್ದರಿಂದ ನೀರು ಹಿಂದಕ್ಕೆ ಹರಿಯುವ ಬದಲು ಕ್ಯಾಬಿನ್ ಕಡೆಗೆ ಬಂದು ನಿಲ್ಲುತ್ತದೆ. ಅಲ್ಲಿನ ತೂತು, ಸಂದುಗಳಲ್ಲಿ ಎಲೆ, ಮಣ್ಣು, ಕಾರ್ಪೆಟ್‌ನ ನೂಲು ಸೇರಿ ಕಟ್ಟಿಕೊಂಡಿರುತ್ತದೆ. ಮೆತ್ತನೆಯ ಕಡ್ಡಿಯಿಂದ ತೆಗೆದು, ಒಂದು ಚೊಂಬು ನೀರು ಸುರಿದು, ಗಾಡಿಯಡಿ ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಿ. ತಂತಿ ಅಥವಾ ಮೊಳೆ ಹಾಕಿ ಕೆರೆದರೆ ತೂತಿನ ಬಾಯಿಯ ಪೇಂಟ್ ಹೋಗುತ್ತದೆ. ತೂತು ತೆರೆದಿದ್ದರೂ ನೀರು ನಿಲ್ಲುತ್ತಿದ್ದರೆ ಪ್ಲೈವುಡ್ ಹಲಗೆಯೋ ವೆಲ್ಕ್ರೋ ಪಟ್ಟಿಯೋ ದಾರಿಗೆ ಅಡ್ಡ ಬಂದಿದೆ. ಬೆಡ್‌ನ ತಳದಲ್ಲಿರುವ ಉದ್ದುದ್ದ ತೋಡುಗಳು ನೀರಿನ ಕಾಲುವೆಗಳು, ಅವುಗಳ ಮೇಲೆ ಅಡ್ಡಲಾಗಿ ಏನನ್ನೂ ಅಂಟಿಸಬಾರದು.

ಇನ್ನು ಬರುವ ದಾರಿ. ಎಲ್ಲವನ್ನೂ ಒಣಗಿಸಿ, ಬೆಡ್‌ನ ಅಂಚಿನುದ್ದಕ್ಕೂ ಹಳೇ ಪೇಪರ್ ಹಾಸಿ, ಕವರ್ ಮುಚ್ಚಿ. ಪೈಪ್‌ನಿಂದ ನೀರನ್ನು ಮೆಲ್ಲಗೆ ಬಿಡುತ್ತ ಕೆಳಗಿನಿಂದ ಮೇಲಕ್ಕೆ ಹೋಗಿ: ಮೊದಲು ಟೈಲ್‌ಗೇಟ್‌ನ ಸಂದು, ಆಮೇಲೆ ಕವರ್ ಕೂರುವ ಪಕ್ಕದ ಹಳಿಗಳು, ಕೊನೆಗೆ ಕ್ಯಾಬಿನ್ ಕಡೆಯ ಮೂಲೆಗಳು. ಒಂದೊಂದು ಜಾಗಕ್ಕೆ ಕೆಲವು ನಿಮಿಷ ಕೊಟ್ಟು, ತೆರೆದು, ಪೇಪರ್ ನೋಡಿ, ಮುಂದಕ್ಕೆ ಹೋಗಿ. ಮೇಲಿನಿಂದ ಒಮ್ಮೆಗೇ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯದು. ಪ್ರೆಷರ್ ವಾಷರ್ ಬಳಸಿದರೆ ಮಳೆಯಲ್ಲಿ ಸೋರದ ರಬ್ಬರ್‌ಗಳೂ ಸೋರುತ್ತವೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಟೈಲ್‌ಗೇಟ್‌ನ ಸಂದಿನಿಂದ ಸ್ವಲ್ಪ ನೀರು ಬರುವುದು ಅನೇಕ ಗಾಡಿಗಳ ಹುಟ್ಟುಗುಣ, ಅಲ್ಲಿಗೆ ರಬ್ಬರ್ ಪಟ್ಟಿ ಹಾಕಿದರೆ ಸಾಕು. ಪಕ್ಕದ ಹಳಿಯಲ್ಲಿ ಸೋರಿದರೆ ಕಾರ್ಪೆಟ್‌ನ ಮೇಲಂಚು ಕವರ್‌ನ ಹಳಿಯಡಿ ಸಿಕ್ಕಿ ರಬ್ಬರ್ ಕೂರದಂತೆ ಮಾಡಿದೆಯೇ ನೋಡಿ. ಲೈನರ್ ಹಾಕಿದ ಮೇಲಷ್ಟೇ ಸೋರಲು ಶುರುವಾದ ಕವರ್‌ನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಕಾರ್ಪೆಟ್ ಹಳಿಯ ಕೆಳಗೆ ನಿಲ್ಲಬೇಕು, ಹಳಿಗೂ ಲೋಹಕ್ಕೂ ನಡುವೆ ಬರಬಾರದು.

ಮಳೆಯೇ ಬಾರದೆ ಒದ್ದೆಯಾಗುತ್ತಿದೆಯೇ? ಚಳಿಯ ರಾತ್ರಿಯ ಮರುದಿನ, ಎಲ್ಲ ಕಡೆ ಒಂದೇ ಸಮನೆ ತೇವವಿದ್ದು ಕ್ಯಾನಪಿಯ ಒಳಮೈಯಲ್ಲೂ ಹನಿ ಕಂಡರೆ ಅದು ಸೋರಿಕೆಯಲ್ಲ, ಒಳಗಿನ ತೇವದ ಗಾಳಿ ತಣ್ಣನೆಯ ಲೋಹ ತಾಕಿ ಇಬ್ಬನಿಯಾಗಿ ಕೂತಿದೆ. ಒಳಗೆ ಮಲಗುವವರ ಉಸಿರೇ ಇದಕ್ಕೆ ಸಾಕು. ಎದುರುಬದುರಾಗಿ ಎರಡು ಕಿಟಕಿಗಳನ್ನು ಬೆರಳಗಲ ತೆರೆದಿಟ್ಟು ನೋಡಿ. ರಬ್ಬರ್ ಬದಲಿಸಲು ದುಡ್ಡು ಸುರಿಯುವ ಮುಂಚೆ ಈ ವ್ಯತ್ಯಾಸ ತಿಳಿದುಕೊಳ್ಳಿ.

ಮುಗ್ಗಲು ವಾಸನೆ

ಪಾಲಿಪ್ರೊಪಿಲೀನ್ ನೀರು ಕುಡಿಯುವುದಿಲ್ಲ, ಬೂಷ್ಟಿಗೆ ಆಹಾರವೂ ಆಗುವುದಿಲ್ಲ. ವಾಸನೆ ಬರುವುದು ಅದರ ನೂಲಿನ ನಡುವೆ ಸೇರಿದ ಮಣ್ಣು, ಗೊಬ್ಬರ, ಕಾಳಿನ ಪುಡಿಯಿಂದ. ತುಂಡುಗಳನ್ನು ಹೊರತೆಗೆದು, ಎರಡೂ ಬದಿ ಸೌಮ್ಯ ಸೋಪಿನಿಂದ ತೊಳೆದು, ನೇತುಹಾಕಿ ಒಣಗಿಸಿದರೆ ವಾಸನೆ ಹೋಗುತ್ತದೆ. ಹೋಗದಿದ್ದರೆ ಬೆಡ್ ತಳವನ್ನೂ ತೊಳೆಯಿರಿ.

ಪ್ಲೈವುಡ್ ಮೇಲಿನ ಕಾರ್ಪೆಟ್ ಕಥೆ ಬೇರೆ. ಅಡಿಯಲ್ಲಿ ಸೆಣಬು ಅಥವಾ ಫೆಲ್ಟ್ ಇದ್ದರೆ ಅದು ನೀರು ಹಿಡಿದಿಟ್ಟುಕೊಂಡು ಹಲಗೆಯನ್ನೂ ಕೊಳೆಸುತ್ತದೆ. ಹಲಗೆಯ ಅಡಿಬದಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮೆತ್ತಗೆ ಇಳಿದರೆ, ಪದರ ಬಿಟ್ಟಿದ್ದರೆ ಎಷ್ಟು ಒಣಗಿಸಿದರೂ ಪ್ರಯೋಜನವಿಲ್ಲ, ಹಲಗೆ ಬದಲಿಸಬೇಕು. ಹೊಸ ಹಲಗೆಯ ಆರೂ ಮುಖಕ್ಕೆ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ವಾರ್ನಿಷ್ ಕುಡಿಸಿ ಆಮೇಲೆ ಕಾರ್ಪೆಟ್ ಸುತ್ತಿ.

ಬೂಷ್ಟು ಉಜ್ಜುವಾಗ ಮಾಸ್ಕ್, ಗ್ಲೌಸ್ ಇರಲಿ. ಬ್ಲೀಚ್ ಬಳಸುವವರು ಅದರ ಜೊತೆ ಅಮೋನಿಯಾ ಇರುವ ಕ್ಲೀನರ್, ವಿನೆಗರ್, ಟಾಯ್ಲೆಟ್ ಆಸಿಡ್ ಯಾವುದನ್ನೂ ಬೆರೆಸಬಾರದು, ಹೊರಡುವ ಗಾಳಿ ವಿಷ.

ವಾಸನೆ ಪೆಟ್ರೋಲಿನದಾಗಿದ್ದರೆ ಬೇರೆ ಕೆಲಸವೆಲ್ಲ ಬಿಡಿ. ಹಾಸನ್ನು ಬಯಲಿಗೆ ತಂದು ಹರಡಿ, ಹತ್ತಿರ ಕಿಡಿ ಬಾರದಂತೆ ನೋಡಿಕೊಳ್ಳಿ, ವ್ಯಾಕ್ಯೂಮ್ ಕ್ಲೀನರ್ ಹಾಕಲೇಬೇಡಿ, ಅದರ ಮೋಟರ್‌ನ ಕಿಡಿ ಸಾಕು. ಬೆಡ್‌ನಲ್ಲಿ ಏನೂ ಚೆಲ್ಲಿಲ್ಲ, ಆದರೂ ಪೆಟ್ರೋಲ್ ವಾಸನೆ ಇದೆ ಎಂದಾದರೆ ಗಾಡಿಯ ಟ್ಯಾಂಕ್ ಅಥವಾ ಪೈಪ್ ಸೋರುತ್ತಿರಬಹುದು. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಗಾಡಿ ಇದ್ದಲ್ಲಿಗೇ ಕರೆಸಿ.

ತುಕ್ಕಿನ ಕಲೆ, ಬಿಳಿ ಪುಡಿ

ಕಾರ್ಪೆಟ್‌ನ ಅಡಿಗೆ ಕೆಂಪು ಕಲೆ ಕಂಡರೆ ಅದು ಯಾವ ಲೋಹದಿಂದ ಬಂತು ಅನ್ನುವುದನ್ನು ಗುರುತಿಸಿ. ಎಷ್ಟೋ ಸಲ ಮರೆತುಬಿಟ್ಟ ಮೊಳೆ, ಸರಪಳಿಯ ಕಲೆ ಅದು. ಒರೆಸಿದರೆ ಹೋದರೆ ಚಿಂತೆಯಿಲ್ಲ. ಒರೆಸಿದರೂ ಪೇಂಟ್ ಉಬ್ಬಿಕೊಂಡಿದ್ದರೆ ತುಕ್ಕು ಒಳಗಿದೆ. ಉಬ್ಬನ್ನು ಕೆರೆದು, ಹೊಳೆಯುವ ಲೋಹ ಕಾಣುವ ತನಕ ಉಪ್ಪುಕಾಗದ ಹಾಕಿ, ಪ್ರೈಮರ್, ಪೇಂಟ್ ಹೊಡೆಯಿರಿ. ಹೊಸ ಪೇಂಟ್ ಪೂರ್ತಿ ಗಟ್ಟಿಯಾಗುವ ತನಕ, ಅದರ ಡಬ್ಬಿ ಮೇಲೆ ಹೇಳಿದಷ್ಟು ದಿನ, ಟೇಪ್ ಅಂಟಿಸಬೇಡಿ. ಒಳಗಿನ ದ್ರಾವಕ ಹೊರಬರುತ್ತ ಅಂಟನ್ನು ಬಿಡಿಸುತ್ತದೆ.

ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಲೋಹದ ಸದ್ದಿನ ಬದಲು ಮಂದ ಸದ್ದು ಬಂದರೆ, ಬೆಡ್‌ನ ತಳ ಕೂತಿರುವ ಅಡ್ಡಪಟ್ಟಿಗಳಲ್ಲಿ ಅಥವಾ ಚಾಸಿಸ್‌ನಲ್ಲಿ ಪದರಪದರವಾಗಿ ತುಕ್ಕು ಬಿಡುತ್ತಿದ್ದರೆ, ಬ್ರೇಕ್ ಪೈಪ್ ಮೇಲೆ ತುಕ್ಕು ಕಂಡರೆ ಅಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ತೋರಿಸಿ. ಹಾಸು ಆಮೇಲೆ.

ಅಲ್ಯೂಮಿನಿಯಂ ಬೆಡ್‌ಗಳಲ್ಲಿ, ಉದಾಹರಣೆಗೆ 2015ರ ಮಾದರಿಯಿಂದ ಬಂದ ಫೋರ್ಡ್ ಎಫ್-150ಯಲ್ಲಿ, ಕೆಂಪು ತುಕ್ಕಿನ ಬದಲು ಬಿಳಿ ಪುಡಿ ಕಾಣುತ್ತದೆ. ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ಹಾಕಿ ನಡುವೆ ಒದ್ದೆ ನಿಂತರೆ ಸ್ಕ್ರೂ ಸುತ್ತಲಿನ ಅಲ್ಯೂಮಿನಿಯಂ ಸವೆಯುತ್ತದೆ. ಸ್ಕ್ರೂ ತೆಗೆದು, ಗಾಡಿ ತಯಾರಕರು ಕೊಟ್ಟ ತೂತುಗಳನ್ನೇ ಬಳಸಿ.

ಹೊಸ ತೂತು ಕೊರೆಯುವ ವಿಷಯದಲ್ಲಿ ನನ್ನದು ಒಂದೇ ಮಾತು, ಬೇಡ. ಬೆಡ್‌ನ ಅಡಿಯಲ್ಲೇ ಇಂಧನದ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಹಾದುಹೋಗುತ್ತವೆ. ಇಂಧನ ತುಂಬುವ ಕೊಳವೆ ಪಕ್ಕದ ಗೋಡೆಯ ಎರಡು ತಗಡುಗಳ ನಡುವೆಯೇ ಇರುತ್ತದೆ. ಬೆಡ್‌ನೊಳಗೆ ನಿಂತವರಿಗೆ ಇದಾವುದೂ ಕಾಣದು.

ಓಡುವಾಗ ಕಟಕಟ ಸದ್ದು, ಸಾಮಾನು ಜಾರುವುದು

ಕಾರ್ಪೆಟ್ ಹಾಕಿದ ಮೇಲೆ ಸದ್ದು ಕಡಿಮೆಯಾಗಬೇಕು. ಹೊಸದಾಗಿ ಕಟಕಟ ಕೇಳಿಸಿದರೆ ಬಿಚ್ಚಿ ಹಾಕಿದ ಬೋಲ್ಟ್‌ಗಳನ್ನೇ ಮೊದಲು ನೋಡಿ: ಹಗ್ಗ ಕಟ್ಟುವ ಕೊಕ್ಕೆಗಳು, ಪಕ್ಕದ ಹಳಿಗಳು. ಕೈಯಲ್ಲಿ ಅಲುಗಾಡಿಸಿ ನೋಡಿದರೆ ಗೊತ್ತಾಗುತ್ತದೆ. ಕೊಕ್ಕೆಯ ಅಡಿಗೆ ಫೋಮ್ ಸಿಕ್ಕಿಕೊಂಡಿದ್ದರೆ ಇವತ್ತು ಬಿಗಿ ಮಾಡಿದ್ದು ಫೋಮ್ ಚಪ್ಪಟೆಯಾದಂತೆ ಸಡಿಲವಾಗುತ್ತದೆ. ಕೊಕ್ಕೆಯ ಬುಡದಷ್ಟು ಅಗಲಕ್ಕೆ ಕಾರ್ಪೆಟ್ ಕತ್ತರಿಸಿ, ಲೋಹದ ಮೇಲೆ ಲೋಹ ಕೂರುವಂತೆ ಮಾಡಿ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ತನ್ನಿ. ಭಾರ ತಡೆಯುವ ಕೊಕ್ಕೆ ಅದು, ಅಂದಾಜಿನ ಬಿಗಿ ಸಾಲದು.

ಸಾಮಾನು ಜಾರುವುದು ದೋಷವಲ್ಲ. ಮೊಣಕಾಲಿಗೆ ಹಿತವಾಗಿರುವ ಕಾರ್ಪೆಟ್ ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಕಟ್ಟಿಯೇ ಒಯ್ಯಬೇಕು.

ದೀಪ, ಸಾಕೆಟ್, ಹಿಂಬದಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲ

ಕಾರ್ಪೆಟ್ ಮುಚ್ಚಿಕೊಂಡಿದೆಯೇ ನೋಡಿ, ಆಮೇಲೆ ಫ್ಯೂಸ್ ನೋಡಿ. ಟೈಲ್‌ಗೇಟ್ ಮುಚ್ಚಳ ತೆಗೆದಿದ್ದರೆ ಒಳಗಿನ ಕನೆಕ್ಟರ್ ಸಡಿಲವಾಗಿರಬಹುದು. ಬದಲಿಸಿದ ಫ್ಯೂಸ್ ಮತ್ತೆ ಹಾರಿದರೆ ಹೆಚ್ಚಿನ ಆಂಪಿಯರ್‌ನದ್ದನ್ನು ಹಾಕಬೇಡಿ. ಎಲ್ಲೋ ವೈರ್ ಶಾರ್ಟ್ ಆಗುತ್ತಿದೆ, ಸ್ಕ್ರೂ ಚುಚ್ಚಿರಬಹುದು. ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬೆಡ್‌ನಲ್ಲಿ ಮನೆಯ ವೋಲ್ಟೇಜ್‌ನ ಸಾಕೆಟ್ ಇರುವ ಗಾಡಿಗಳಲ್ಲಿ, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಪಿಕಪ್‌ಗಳಲ್ಲಿ, ಆ ಸಾಕೆಟ್ಟನ್ನು ನೀವಾಗಿ ಬಿಚ್ಚಲೇಬಾರದು.

ಒಂದೇ ಜಾಗದಲ್ಲಿ ಕಾರ್ಪೆಟ್ ಬಿಸಿ, ನೂಲು ಕರಗಿದಂತಿದೆ

ಬಿಸಿಲಿನಿಂದಾದರೆ ಇಡೀ ತಳ ಬಿಸಿಯಾಗುತ್ತದೆ. ಅಂಗೈಯಷ್ಟು ಜಾಗ ಮಾತ್ರ ಬಿಸಿಯಾಗಿದ್ದು, ನೂಲು ಹೊಳೆಯುತ್ತ ಗಟ್ಟಿಯಾಗಿದ್ದರೆ ಅದರ ನೇರ ಕೆಳಗೆ ಸೈಲೆನ್ಸರ್ ಪೈಪ್ ಇರುತ್ತದೆ. ಗಾಡಿ ತಣಿದ ಮೇಲೆ ಅಡಿಯಿಂದ ನೋಡಿ: ಪೈಪ್‌ಗೂ ಬೆಡ್‌ಗೂ ನಡುವಿನ ತಗಡಿನ ಶಾಖತಡೆ ಬಿದ್ದುಹೋಗಿದೆಯೇ, ಜೋತಿದೆಯೇ, ಪೈಪ್‌ನ ಹ್ಯಾಂಗರ್ ಮುರಿದು ಮೇಲಕ್ಕೆ ಬಂದಿದೆಯೇ, ಎಲ್ಲಾದರೂ ಕಪ್ಪು ಮಸಿ ಕಾಣುತ್ತಿದೆಯೇ. ಹೊಗೆಯ ಮಸಿ ಫಿಲ್ಟರ್ ಇರುವ ಡೀಸೆಲ್ ಗಾಡಿಗಳು ಆಗಾಗ ಆ ಮಸಿಯನ್ನು ತಾವೇ ಸುಟ್ಟುಕೊಳ್ಳುತ್ತವೆ, ಆಗ ಫಿಲ್ಟರ್‌ನೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ. ಶಾಖತಡೆ ಇಲ್ಲದೆ ಇದು ಬೆಂಕಿಯ ಅಪಾಯ. ದಪ್ಪ ಕಾರ್ಪೆಟ್ ಹಾಕಿ ಮರೆಮಾಡುವ ಲಕ್ಷಣವಲ್ಲ. ಆ ತುಂಡನ್ನು ತೆಗೆದಿಟ್ಟು ಸೈಲೆನ್ಸರ್ ರಿಪೇರಿ ಮಾಡಿಸಿ.

ಗಾಡಿ ಮುಟ್ಟಿದರೆ ಚುರ್ ಎನ್ನುತ್ತದೆ

ಒಣ ಹವೆಯಲ್ಲಿ ಕಾರ್ಪೆಟ್ ಮೇಲೆ ಓಡಾಡಿ ಲೋಹ ಮುಟ್ಟಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುತ್ತದೆ. ಅಷ್ಟಕ್ಕೆ ಹೆದರಬೇಕಿಲ್ಲ, ಗಾಡಿಯಲ್ಲಿ ದೋಷವೂ ಇಲ್ಲ. ಆದರೆ ಈ ಲಕ್ಷಣ ತಿಳಿಸುವ ಇನ್ನೊಂದು ವಿಷಯವನ್ನು ಪ್ರತಿಯೊಬ್ಬ ಪಿಕಪ್ ಮಾಲೀಕರೂ ಅರಿತಿರಬೇಕು. ಬೆಡ್‌ನಲ್ಲಿಟ್ಟ ಕ್ಯಾನ್‌ಗೆ ಪೆಟ್ರೋಲ್ ತುಂಬಿಸಲೇಬಾರದು. ಹರಿಯುವ ಪೆಟ್ರೋಲ್ ತಾನೇ ವಿದ್ಯುದಾವೇಶ ಹುಟ್ಟಿಸುತ್ತದೆ. ಕ್ಯಾನ್ ನೆಲದ ಮೇಲಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ, ಪ್ಲಾಸ್ಟಿಕ್ ಲೈನರ್ ಅಥವಾ ಕಾರ್ಪೆಟ್ ಮೇಲಿದ್ದರೆ ಇಳಿಯಲು ದಾರಿಯಿಲ್ಲದೆ ಕ್ಯಾನ್‌ನಲ್ಲೇ ಸೇರುತ್ತ ಹೋಗಿ, ಪಂಪ್‌ನ ನಳಿಕೆ ಹತ್ತಿರ ಬಂದಾಗ ಕಿಡಿಯಾಗಿ ಹಾರುತ್ತದೆ. ಲೋಹದ ಕ್ಯಾನ್ ಸುರಕ್ಷಿತ ಎಂದುಕೊಳ್ಳಬೇಡಿ, ಇಂಥ ಹಾಸಿನ ಮೇಲೆ ಅದು ಇನ್ನೂ ಅಪಾಯ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸರ್ಕಾರಿ ಸಂಶೋಧನಾ ಸಂಸ್ಥೆ ನಿಯೋಷ್ 1998ರಲ್ಲೇ ಪಿಕಪ್ ಲೈನರ್ ಮತ್ತು ಕಾರ್ಪೆಟ್ ಮೇಲೆ ಕ್ಯಾನ್ ತುಂಬಿಸುವಾಗ ಬೆಂಕಿ ಹತ್ತಿಕೊಳ್ಳುವ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಕ್ಯಾನ್ ಕೆಳಗಿಳಿಸಿ ನೆಲದ ಮೇಲಿಡಿ, ಗಾಡಿಯಿಂದ ದೂರ. ತುಂಬುವಷ್ಟು ಹೊತ್ತೂ ನಳಿಕೆ ಕ್ಯಾನ್‌ನ ಬಾಯಿಗೆ ತಾಗಿಕೊಂಡಿರಲಿ, ನಿಧಾನವಾಗಿ ತುಂಬಿಸಿ, ಮುಚ್ಚಳ ಬಿಗಿದು ಆಮೇಲೆ ಬೆಡ್‌ಗೆ ಏರಿಸಿ.

ಕ್ಯಾನಪಿಯೊಳಗೆ ಹೊಗೆಯ ವಾಸನೆ, ಮಲಗಿದವರಿಗೆ ತಲೆನೋವು

ಇಲ್ಲಿ ಹಂತಹಂತದ ತಪಾಸಣೆ ಇಲ್ಲ. ಎಲ್ಲರೂ ಕೂಡಲೇ ಹೊರಗೆ ಬನ್ನಿ. ಎಂಜಿನ್‌ನ ಹೊಗೆಯಲ್ಲೂ ಒಳಗೆ ಹಚ್ಚಿದ ಸ್ಟವ್‌ನ ಗಾಳಿಯಲ್ಲೂ ಇರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದ ಹೊತ್ತಿಗೆ ಅದು ರಕ್ತ ಸೇರಿಯಾಗಿರುತ್ತದೆ. ತೆರೆದ ಗಾಳಿಗೆ ಬಂದ ಮೇಲೂ ಮಂಪರು ಇಳಿಯದಿದ್ದರೆ, ಯಾರಾದರೂ ಎಚ್ಚರ ತಪ್ಪಿದ್ದರೆ ತುರ್ತು ಸೇವೆಗೆ ಫೋನ್ ಮಾಡಿ.

ಹೊಗೆ ಒಳಬಂದ ದಾರಿಯನ್ನು ಮರುದಿನ ಹುಡುಕಿ. ಟೈಲ್‌ಗೇಟ್ ಸಂದು, ಲೈನರ್ ಹಾಕುವಾಗ ತೆಗೆದು ಮರಳಿ ಹಾಕದ ರಬ್ಬರ್ ಬಿರಡೆಗಳು, ಸೋರುವ ಸೈಲೆನ್ಸರ್. ಕಾರ್ಪೆಟ್ ಹಾಸಿ ಎಷ್ಟೇ ಬೆಚ್ಚಗೆ ಮಾಡಿಕೊಂಡರೂ ಎಂಜಿನ್ ಓಡುವಾಗ ಹಿಂದೆ ಯಾರೂ ಮಲಗಬಾರದು, ಮುಚ್ಚಿದ ಕ್ಯಾನಪಿಯೊಳಗೆ ಸ್ಟವ್ ಹಚ್ಚಬಾರದು. ಒಳಗೆ ಮಲಗುವ ರೂಢಿ ಇರುವವರು ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತಲೆಯ ಹತ್ತಿರ ಹಾಕಿಕೊಳ್ಳಿ, ಹೊರಡುವ ಮುನ್ನ ಅದರ ಗುಂಡಿ ಒತ್ತಿ ಸದ್ದು ಬರುವುದನ್ನು ಖಚಿತಪಡಿಸಿಕೊಳ್ಳಿ.